ಮುದ್ದೆ ನುಂಗಿದ ಮೇಲೆ

ಮೊದಲು ಒಂದು ಸಣ್ಣ ಪರೀಕ್ಷೆ. ಎಲ್ಲರೂ ಬಲಗೈಯನ್ನು ನಿಮ್ಮ ನಿಮ್ಮ ಜಠರದ ಮೇಲೆ ಇಡಿ. ಜಠರ ಅಂದರೆ ಉಂಡಿದ್ದು ಹೋಗಿ ಬೀಳುವ ಚೀಲ. ಇಡಿ, ನಾಚಿಕೆ ಬೇಡ.

ನೋಡಿ, ಮುಕ್ಕಾಲು ಜನ ಹೊಕ್ಕುಳ ಮೇಲೆ ಇಟ್ಟಿದ್ದೀರಿ. ಹಿಂದಿನ ಸಾಲಿನ ಯಜಮಾನರು ಇನ್ನೂ ಕೆಳಗೆ, ಪಂಚೆ ಗಂಟಿನ ಹತ್ತಿರ ಹೋಗಿದ್ದಾರೆ. ಕೈ ಮೇಲಕ್ಕೆ ತನ್ನಿ. ಇನ್ನೂ ಮೇಲೆ. ಸ್ವಲ್ಪ ಎಡಕ್ಕೆ. ಪಕ್ಕೆಲುಬು ಮುಗಿಯುತ್ತದಲ್ಲ, ಅದರ ಹಿಂದೆ ಅರ್ಧ ಅಡಗಿ ಕೂತಿದೆ. ಅದು ಜಠರ. ನೀವು ಮೊದಲು ಕೈ ಇಟ್ಟಿದ್ದು ಸಣ್ಣಕರುಳಿನ ಮೇಲೆ.

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಮ್ಮ ‘ಹೊಟ್ಟೆ’ ಅನ್ನುವ ಪದವೇ ಹಾಗೆ. ಎದೆಗೂಡಿನಿಂದ ಸೊಂಟದವರೆಗೆ ಏನಿದ್ದರೂ ಅದು ಹೊಟ್ಟೆ. ಹಸಿದರೆ ಹೊಟ್ಟೆ, ಬಸುರಾದರೆ ಹೊಟ್ಟೆ, ಪಕ್ಕದ ಮನೆಯವರು ಹೊಸ ಟ್ರ್ಯಾಕ್ಟರ್ ತಂದರೆ ಉರಿಯುವುದೂ ಹೊಟ್ಟೆ. ಮಾತಿಗೆ ಇದು ಚೆನ್ನ. ಡಾಕ್ಟರ ಮುಂದೆ ಕೂತಾಗ ಸಾಲುವುದಿಲ್ಲ. ಒಳಗೆ ಅಷ್ಟೊಂದು ಅಂಗಗಳಿವೆ, ನಮ್ಮ ಹತ್ತಿರ ಇರುವುದು ಒಂದೇ ಪದ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಪ್ರತಿ ವರ್ಷ ಜೀರ್ಣಾಂಗಗಳ ಚಿತ್ರ ಬರೆಸುತ್ತಿದ್ದೆ. ಭಾಗಗಳನ್ನು ಹೆಸರಿಸಿ, ಅಂಕ ನಾಲ್ಕು. ಮಕ್ಕಳು ಚೆನ್ನಾಗಿಯೇ ಬರೆಯುತ್ತಿದ್ದರು. ಅದೇ ಮಕ್ಕಳು ಈಗ ದೊಡ್ಡವರಾಗಿ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. “ಸಾರ್, ಯಾಕೋ ಹೊಟ್ಟೆನೋವು” ಅನ್ನುತ್ತಾರೆ. ಎಲ್ಲಪ್ಪಾ ಅಂತ ಕೇಳಿದರೆ, ಗೋಡೆಗೆ ಸುಣ್ಣ ಹೊಡೆಯುವ ಹಾಗೆ ಕೈಯನ್ನು ಇಡೀ ಹೊಟ್ಟೆಯ ಮೇಲೆ ಆಡಿಸುತ್ತಾರೆ. ನನ್ನ ಪಾಠ ಎಷ್ಟು ಇಳಿದಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ.

ಹಾಗಾಗಿ ಇವತ್ತು ಚಾರ್ಟ್ ತಂದಿಲ್ಲ. ನೀವು ಮಧ್ಯಾಹ್ನ ಉಂಡ ಊಟದ ಬೆನ್ನು ಹಿಡಿದು ಹೋಗೋಣ. ಈಗ ಅವರೆ ಕಾಲ. ಮುದ್ದೆ, ಹಿತಕಿದ ಅವರೆಬೇಳೆ ಸಾರು, ಮೇಲೆ ಒಂದು ಚಮಚ ತುಪ್ಪ. ಮುದ್ದೆಯಲ್ಲಿ ಪಿಷ್ಟ ಇದೆ, ಅವರೆಯಲ್ಲಿ ಪ್ರೋಟೀನು, ತುಪ್ಪದಲ್ಲಿ ಕೊಬ್ಬು. ಪಾಠಕ್ಕೆ ಇದಕ್ಕಿಂತ ಒಳ್ಳೆ ಊಟ ಸಿಗುವುದಿಲ್ಲ.

ಹೊರಡುವ ಮೊದಲು ದಾರಿ ಎಂಥದ್ದು ಅಂತ ಹೇಳಿಬಿಡುತ್ತೇನೆ. ಬಾಯಿಂದ ಗುದದ್ವಾರದವರೆಗೆ ಇರುವುದು ಒಂದೇ ಕೊಳವೆ. ಬಿಡಿಸಿ ಉದ್ದಕ್ಕೆ ಹಾಸಿದರೆ 8–9 ಮೀಟರ್ ಬರುತ್ತದೆ. ಬದುಕಿರುವವರಲ್ಲಿ ಬಿಗಿದುಕೊಂಡಿರುವುದರಿಂದ ಅದಕ್ಕಿಂತ ಕಡಿಮೆ. ಎರಡೂ ಕಡೆ ಬಾಯಿ ತೆರೆದ ಕೊಳವೆ. ಯೋಚನೆ ಮಾಡಿ, ಈ ಕೊಳವೆಯಲ್ಲಿ ಇರುವವರೆಗೂ ಊಟ ನಿಮ್ಮ ಮೈಗೆ ಸೇರಿಲ್ಲ. ಮಗು ಒಂದು ರೂಪಾಯಿ ನಾಣ್ಯ ನುಂಗಿದರೆ, ಅನ್ನನಾಳದಲ್ಲಿ ಸಿಕ್ಕಿಕೊಳ್ಳದೆ ಜಠರಕ್ಕೆ ಇಳಿದಿದ್ದರೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ನಾಣ್ಯ ನಾಣ್ಯವಾಗಿಯೇ ಆಚೆ ಬರುತ್ತದೆ. ಮಗುವಿನ ಮೈಗೆ ಅದು ಸೇರಲೇ ಇಲ್ಲ, ಹಾದುಹೋಯಿತು ಅಷ್ಟೆ. ಹಾಗಂತ ಮನೆಯಲ್ಲಿ ಕೂತು ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಇನ್ನು ಆಟಿಕೆ, ರಿಮೋಟಿನಲ್ಲಿ ಇರುವ ಬಟನ್ ಬ್ಯಾಟರಿ ನುಂಗಿದ್ದರೆ ಒಂದು ನಿಮಿಷವೂ ತಡ ಮಾಡಬಾರದು. ಅದು ಗಂಟಲ ಕೆಳಗೆ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಅಲ್ಲಿನ ಮಾಂಸವನ್ನು ಸುಟ್ಟುಬಿಡುತ್ತದೆ.

ಸರಿ, ಬಾಯಿ. ಜೊಲ್ಲು ಸುರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ ಇವೆ. ಒಂದು ಜೊತೆ ಕಿವಿಯ ಮುಂದೆ. ಮಂಗನಬಾವು ಬಂದಾಗ ಊದುವುದು ಅದೇ. ದಿನಕ್ಕೆ 1 ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಅದರಲ್ಲಿ ಅಮೈಲೇಸ್ ಅಂತ ಒಂದು ಕಿಣ್ವ ಇದೆ, ಅದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ನಂಬಿಕೆ ಇಲ್ಲದಿದ್ದರೆ ರಾತ್ರಿ ಒಂದು ತುತ್ತು ಬರೀ ಅನ್ನ ಬಾಯಿಗೆ ಹಾಕಿ, ನುಂಗದೆ ಎರಡು ನಿಮಿಷ ಅಗಿಯಿರಿ. ಸಿಹಿ ಆಗುತ್ತದೆ.

ಈಗ ನೀವು ಕೇಳಬೇಕು: ಸಾರ್, ಮುದ್ದೆಯನ್ನು ಯಾರು ಅಗಿಯುತ್ತಾರೆ? ನಿಜ. ಮುದ್ದೆ ಅಗಿಯುವವನನ್ನು ಕಂಡರೆ ನಮ್ಮ ಕಡೆ “ಯಾವೂರಪ್ಪ ನಿಂದು” ಅಂತ ಕೇಳುತ್ತಾರೆ. ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ. ಹಾಗಾದರೆ ಜೊಲ್ಲಿನ ಕೆಲಸ ತಪ್ಪಿತಲ್ಲ? ಬಹಳಷ್ಟು ತಪ್ಪಿತು. ಆದರೂ ನಮ್ಮ ತಾತ ಮುತ್ತಾತಂದಿರು ಮುದ್ದೆ ನುಂಗಿಯೇ ಹೊಲ ಉತ್ತರು. ಯಾಕೆಂದರೆ ಪಿಷ್ಟ ಒಡೆಯುವ ಇದೇ ಥರದ ಕಿಣ್ವ ಮುಂದೆ ಇನ್ನೊಂದು ಕಡೆ ಸಿಗುತ್ತದೆ, ಇದಕ್ಕಿಂತ ಜೋರಾಗಿ. ಅಲ್ಲಿಗೆ ಆಮೇಲೆ ಬರೋಣ. ಅದೂ ಅಲ್ಲದೆ ಮುದ್ದೆ ಬೆಂದು, ತೊಳಸಿ, ಮೆತ್ತಗಾಗಿರುತ್ತದೆ. ಹಲ್ಲಿನ ಅರ್ಧ ಕೆಲಸವನ್ನು ಮುದ್ದೆಕೋಲು ಒಲೆ ಮುಂದೆಯೇ ಮುಗಿಸಿರುತ್ತದೆ. ಕಾಳಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅಗಿಯದೆ ನುಂಗಿದ ಕಾಳು ಸಿಪ್ಪೆ ಸಮೇತ ಹಾಗೇ ಹೊರಗೆ ಬರಬಹುದು. ಆ ಸಿಪ್ಪೆ ಒಡೆಯುವ ಕಿಣ್ವ ಮನುಷ್ಯನಿಗಿಲ್ಲ.

ನುಂಗುವಾಗ ಗಂಟಲಲ್ಲಿ ಒಂದು ಕವಲುದಾರಿ. ಮುಂದೆ ಉಸಿರಿನ ಕೊಳವೆ, ಹಿಂದೆ ಅನ್ನನಾಳ. ಪ್ರತಿ ತುತ್ತಿಗೂ ಉಸಿರಿನ ಕೊಳವೆ ಮೇಲಕ್ಕೆ ಎದ್ದು, ಅದರ ಬಾಯಿಗೆ ಒಂದು ಪುಟ್ಟ ಮುಚ್ಚಳ ಬೀಳುತ್ತದೆ. ಊಟದ ಮಧ್ಯೆ ನಕ್ಕರೆ, ಮಾತಾಡಿದರೆ ಮುಚ್ಚಳ ಬೀಳುವ ಹೊತ್ತು ತಪ್ಪುತ್ತದೆ. ಆಗ ಕೆಮ್ಮು. ನಾವು ಅದಕ್ಕೆ ನೆತ್ತಿಗೆ ಹತ್ತಿತು ಅನ್ನುತ್ತೇವೆ. ಅಜ್ಜಿ ತಲೆ ತಟ್ಟಿ, “ಯಾರೋ ನೆನೆಸಿಕೊಂಡರು ಕಣೋ” ಅನ್ನುತ್ತಿದ್ದರು. ಅದು ಹತ್ತುವುದು ನೆತ್ತಿಗಲ್ಲ, ಇಳಿಯುವುದು ಉಸಿರಿನ ದಾರಿಗೆ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮೂ ಬರದೆ, ಮಾತೂ ಹೊರಡದೆ ಗಂಟಲು ಹಿಡಿದುಕೊಂಡರೆ ಅದು ಗಂಡಾಂತರ. ತಲೆ ತಟ್ಟಿ ಪ್ರಯೋಜನ ಇಲ್ಲ. ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಮಧ್ಯೆ ಬೆನ್ನಿಗೆ ಜೋರಾಗಿ ಹೊಡೆಯಬೇಕು.

ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್. ಊಟ ಇಲ್ಲಿ ಸುಮ್ನೆ ಬೀಳುವುದಿಲ್ಲ. ಗೋಡೆಯ ಸ್ನಾಯುಗಳು ಹಿಂಡಿ ಹಿಂಡಿ ತಳ್ಳುತ್ತವೆ. ಕೆರೆಯಲ್ಲಿ ಹಸು ನೀರು ಕುಡಿಯುವುದನ್ನು ನೆನೆಸಿಕೊಳ್ಳಿ. ತಲೆ ಕೆಳಗೆ, ಹೊಟ್ಟೆ ಮೇಲೆ. ನೀರು ಏರುಮುಖವಾಗಿ ಹೋಗುತ್ತದೆ ತಾನೆ? ನಮ್ಮಲ್ಲೂ ಅದೇ ಹಿಂಡುವ ಕೆಲಸ.

ಈಗ ಜಠರ. ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಯಾಕೆಂದರೆ ಒಂದು ಕತೆ ಇದೆ.

1822ನೇ ಇಸವಿ. ಅಮೆರಿಕದ ಮ್ಯಾಕಿನಾ ಅನ್ನುವ ದ್ವೀಪ. ತುಪ್ಪಳದ ವ್ಯಾಪಾರದ ಜಾಗ. ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವ ಕೆನಡಾದ ಹುಡುಗ ಅಲ್ಲಿ ಕೂಲಿ. ಯಾರದೋ ಕೋವಿ ಕೈತಪ್ಪಿ ಹಾರಿ, ಹತ್ತಿರದಿಂದಲೇ ಇವನ ಎಡ ಪಕ್ಕೆಗೆ ಬಿತ್ತು. ಸಾಯುತ್ತಾನೆ ಅಂದುಕೊಂಡರು. ಸೈನ್ಯದ ಡಾಕ್ಟರು ವಿಲಿಯಂ ಬೋಮಾಂಟ್ ಉಳಿಸಿಕೊಂಡರು. ಆದರೆ ಗಾಯ ಒಂದು ಥರ ವಿಚಿತ್ರವಾಗಿ ಮಾಯಿತು. ಜಠರದ ಗೋಡೆ ಹೊರಗಿನ ಚರ್ಮಕ್ಕೆ ಅಂಟಿಕೊಂಡು, ಮಧ್ಯೆ ಒಂದು ತೂತು ಉಳಿದುಬಿಟ್ಟಿತು. ಅಂದರೆ ಬದುಕಿರುವ ಮನುಷ್ಯನ ಜಠರಕ್ಕೆ ಒಂದು ಕಿಟಕಿ.

1825ರಲ್ಲಿ ಬೋಮಾಂಟ್ ಪ್ರಯೋಗ ಶುರು ಮಾಡಿದರು. ಮಾಂಸ, ಬ್ರೆಡ್ಡು, ಎಲೆಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಡುವುದು. ಗಂಟೆಗೊಮ್ಮೆ ಎಳೆದು ಎಷ್ಟು ಕರಗಿದೆ ಅಂತ ನೋಡುವುದು. ಬಾವಿಗೆ ಬಿದ್ದ ಕೊಡವನ್ನು ಗಾಳ ಹಾಕಿ ನೋಡಿದ ಹಾಗೆ. ಜಠರದ ರಸವನ್ನು ಹೊರಗೆ ತೆಗೆದು ಸೀಸೆಯಲ್ಲಿ ಬೆಚ್ಚಗೆ ಇಟ್ಟು, ಅದರಲ್ಲಿ ಮಾಂಸ ಹಾಕಿದರು. ಅಲ್ಲೂ ಕರಗಿತು. ಜೀರ್ಣ ಅಂದರೆ ಬರೀ ಅರೆಯುವುದಲ್ಲ, ಅದೊಂದು ರಾಸಾಯನಿಕ ಕೆಲಸ ಅಂತ ಅದರಿಂದ ಖಚಿತವಾಯಿತು. ಆ ಹುಡುಗ ಸಿಟ್ಟಾದಾಗ ಜೀರ್ಣದ ಕೆಲಸ ಕೆಡುವುದನ್ನೂ ಅವರು ಕಂಡರು. ಸಿಟ್ಟು ಬರದೆ ಇರುತ್ತದೆಯೇ, ಹೊಟ್ಟೆಗೆ ದಾರ ಕಟ್ಟಿ ಎಳೆದರೆ!

1833ರಲ್ಲಿ ಬೋಮಾಂಟ್ ಪುಸ್ತಕ ಬರೆದು ಹೆಸರು ಮಾಡಿದರು. ಪಾಪ, ಆ ಕೂಲಿ ಹುಡುಗನಿಗೆ ಸಿಕ್ಕಿದ್ದು ಕಡಿಮೆ. ಆದರೆ ಡಾಕ್ಟರು 1853ರಲ್ಲಿ ತೀರಿಕೊಂಡರು, ತೂತು ಹೊಟ್ಟೆಯ ಮಾರ್ಟಿನ್ 1880ರವರೆಗೆ ಬದುಕಿದ. ಅವನ ಮನೆಯವರು ಹೆಣವನ್ನು ಬೇಕೆಂದೇ ಕೊಳೆಯಲು ಬಿಟ್ಟು, ಆಮೇಲೆ ಆಳವಾದ ಗುಂಡಿಯಲ್ಲಿ ಹೂತರಂತೆ. ಸತ್ತ ಮೇಲೂ ಡಾಕ್ಟರುಗಳು ಬಂದು ಕುಯ್ಯಬಾರದು ಅಂತ. ನನಗಂತೂ ಅವರ ಮೇಲೆ ತಪ್ಪು ಹೊರಿಸಲು ಮನಸ್ಸು ಬರುವುದಿಲ್ಲ.

ಆ ರಸದಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ನಿಂಬೆರಸಕ್ಕಿಂತ ಒಂದು ಕೈ ಮೇಲು. ಜೊತೆಗೆ ಪೆಪ್ಸಿನ್ ಅನ್ನುವ ಕಿಣ್ವ. ನಮ್ಮ ಅವರೆಯ ಪ್ರೋಟೀನು ಒಡೆಯುವುದು ಇಲ್ಲಿ ಶುರುವಾಗುತ್ತದೆ. ಹಾಗಾದರೆ ಜಠರವೇ ಯಾಕೆ ಕರಗುವುದಿಲ್ಲ? ಒಳಗಡೆ ಲೋಳೆಯ ಪದರ ಇದೆ, ಆ ಒಳಚರ್ಮ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಆ ಕಾವಲು ತಪ್ಪಿದ ಕಡೆ ಹುಣ್ಣು, ಅಂದರೆ ಅಲ್ಸರ್. ಖಾರ ತಿಂದು ಅಲ್ಸರ್ ಆಯಿತು ಅಂತ ನಾವೆಲ್ಲ ಮೆಣಸಿನಕಾಯಿಯನ್ನು ಬೈದಿದ್ದೇವೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅನ್ನುವ ಡಾಕ್ಟರು, ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಅಂದರು. ಜನ ಒಪ್ಪಲಿಲ್ಲ. 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ನೀರನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ನೋವಿನ ಮಾತ್ರೆ ಜಾಸ್ತಿ ನುಂಗುವುದು ಇನ್ನೊಂದು ಕಾರಣ. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ತಿನ್ನುವ ಅಮ್ಮಂದಿರು ಇದನ್ನು ಕೇಳಿಸಿಕೊಳ್ಳಿ.

ಜಠರದ ಹೆಸರಿನಲ್ಲಿ ನಮ್ಮ ಕಡೆ ಓಡಾಡುವ ಇನ್ನೊಂದು ಪದ ‘ಗ್ಯಾಸ್ಟ್ರಿಕ್’. ಏನಾದರೂ ಗ್ಯಾಸ್ಟ್ರಿಕ್ಕೇ. ನನ್ನ ಭಾಮೈದನಿಗೆ ಒಂದು ದಿನ ಬೆಳಿಗ್ಗೆ ಎದೆಯ ಕೆಳಗೆ ಹಿಡಿದ ಹಾಗಾಯಿತು. ಬೆವರು. “ಗ್ಯಾಸ್ಟ್ರಿಕ್ ಭಾವ, ರಾತ್ರಿ ಬೋಂಡಾ ತಿಂದಿದ್ದೆ” ಅಂದ. ಸೋಡಾಕ್ಕೆ ನಿಂಬೆಹಣ್ಣು ಹಿಂಡಿಕೊಂಡು ಕುಡಿದ. ವಿಜ್ಞಾನದ ಮೇಷ್ಟ್ರಾದ ನಾನೂ ಪಕ್ಕದಲ್ಲೇ ಕೂತು ಹೌದೌದು ಅಂದೆ. ಮಧ್ಯಾಹ್ನದ ಹೊತ್ತಿಗೆ ಎಡಗೈ ಸೆಳೆಯಿತು. ಇಸಿಜಿ ಮಾಡಿದಾಗ ಹಾರ್ಟ್ ಅಟ್ಯಾಕ್. ಬದುಕಿದ, ಆದರೆ ನಾಲ್ಕು ಗಂಟೆ ನಾವೇ ಕಳೆದಿದ್ದೆವು. ಹೃದಯ ಮತ್ತು ಜಠರ ಅಕ್ಕಪಕ್ಕದ ಮನೆಯವು, ನಡುವೆ ವಪೆ ಅನ್ನುವ ಒಂದು ತೆಳು ಗೋಡೆ ಅಷ್ಟೆ. ಯಾವ ಮನೆಯಲ್ಲಿ ಜಗಳ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಬೆವರು, ಉಸಿರು ಕಟ್ಟುವುದು, ನೋವು ಕೈಗೋ ದವಡೆಗೋ ಹರಿಯುವುದು, ನಡೆದರೆ ಜಾಸ್ತಿ ಆಗುವುದು, ಇವು ಇದ್ದರೆ ಸೋಡಾ ಹುಡುಕಬೇಡಿ.

ಎರಡರಿಂದ ನಾಲ್ಕು ಗಂಟೆ ಕಡೆದ ಮೇಲೆ ಮುದ್ದೆ, ಅವರೆ, ತುಪ್ಪ ಎಲ್ಲ ಸೇರಿ ಗಂಜಿ ಆಗಿರುತ್ತದೆ. ಅದು ಚೂರು ಚೂರೇ ಸಣ್ಣಕರುಳಿಗೆ ಇಳಿಯುತ್ತದೆ. ಸಣ್ಣಕರುಳಿನ ಮೊದಲ 25 ಸೆಂಟಿಮೀಟರಿನಷ್ಟು ಭಾಗ ನಾಲ್ಕು ರಸ್ತೆ ಕೂಡುವ ಸರ್ಕಲ್ ಇದ್ದ ಹಾಗೆ. ಮೇಲಿನಿಂದ ಗಂಜಿ ಬರುತ್ತದೆ, ಪಕ್ಕದಿಂದ ಪಿತ್ತ ಬರುತ್ತದೆ, ಹಿಂದಿನಿಂದ ಪ್ಯಾಂಕ್ರಿಯಾಸ್ ರಸ ಬರುತ್ತದೆ.

ಪಿತ್ತ ಅಂದ ಕೂಡಲೇ ನಮಗೆ ಕೆಟ್ಟ ಮಾತು. ಪಿತ್ತ ನೆತ್ತಿಗೇರಿತು, ಪಿತ್ತ ಕೆದರಿತು. ನಿಜವಾಗಿ ಅದು ಪಾತ್ರೆ ತೊಳೆಯುವ ಸೋಪು. ತುಪ್ಪ ಮೆತ್ತಿದ ಪಾತ್ರೆಗೆ ಬರೀ ನೀರು ಹಾಕಿದರೆ ಜಿಡ್ಡು ಬಿಡುತ್ತದೆಯೇ? ಸೋಪು ಹಾಕಿದರೆ ಜಿಡ್ಡು ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ. ಪಿತ್ತ ತುಪ್ಪಕ್ಕೆ ಮಾಡುವುದು ಅದನ್ನೇ. ಆಮೇಲೆ ಕಿಣ್ವ ಬಂದು ಆ ಹನಿಗಳನ್ನು ಜೀರ್ಣ ಮಾಡುತ್ತದೆ. ಇದನ್ನು ತಯಾರಿಸುವುದು ಲಿವರ್. ಬಲಗಡೆ ಪಕ್ಕೆಲುಬಿನ ಹಿಂದೆ, ಸುಮಾರು ಒಂದೂವರೆ ಕೆಜಿ. ಅದರ ಕೆಳಗೆ ಪಿತ್ತಕೋಶ, ಒಂದು ಪುಟ್ಟ ಚೀಲ. ಅದು ಪಿತ್ತವನ್ನು ಕೂಡಿಡುವುದು ಮಾತ್ರ, ಮಾಡುವುದಿಲ್ಲ. ಅದರಲ್ಲಿ ಕಲ್ಲಾದರೆ ಜಿಡ್ಡಿನ ಊಟದ ಮೇಲೆ ಬಲ ಪಕ್ಕೆ ಕೆಳಗೆ ನೋವು, ಕೆಲವರಿಗೆ ಬಲ ಹೆಗಲಿಗೂ ಹೋಗುತ್ತದೆ. ಚೀಲ ತೆಗೆದರೂ ಮನುಷ್ಯ ಆರಾಮಾಗಿ ಇರುತ್ತಾನೆ, ಪಿತ್ತ ಲಿವರಿನಿಂದ ನೇರವಾಗಿ ಇಳಿಯುತ್ತದೆ. ಆ ದಾರಿ ಕಟ್ಟಿಕೊಂಡರೆ ಕಣ್ಣು ಹಳದಿ, ಮಲ ಬಿಳಿಚಿ. ಕಾಮಾಲೆಯಲ್ಲಿ ಇದೂ ಒಂದು ಬಗೆ. ಮಲಕ್ಕೆ ಬಣ್ಣ ಬರುವುದೇ ಪಿತ್ತದಿಂದ.

ಪ್ಯಾಂಕ್ರಿಯಾಸ್ ಅಂದರೆ ಪಠ್ಯಪುಸ್ತಕದ ಮೇದೋಜೀರಕ ಗ್ರಂಥಿ. ಜಠರದ ಹಿಂದೆ ಅಡ್ಡ ಮಲಗಿದೆ, ಗೇಣು ಉದ್ದ ಇಲ್ಲ. ಇದರ ಹೆಸರು ಕೇಳಿದರೆ ಎಲ್ಲರಿಗೂ ಇನ್ಸುಲಿನ್ ನೆನಪಾಗುತ್ತದೆ, ಸಕ್ಕರೆ ಕಾಯಿಲೆ ನೆನಪಾಗುತ್ತದೆ. ಸರಿಯೇ. ಆದರೆ ಇದರ ಬಹುಪಾಲು ಜೀರ್ಣಕ್ಕೆ ದುಡಿಯುತ್ತದೆ. ಮೇಲಿನಿಂದ ಬಂದ ಆಮ್ಲವನ್ನು ಅಡುಗೆ ಸೋಡಾದಂಥ ಕ್ಷಾರ ಬಿಟ್ಟು ತಣಿಸುತ್ತದೆ. ಪಿಷ್ಟ, ಪ್ರೋಟೀನು, ಕೊಬ್ಬು ಮೂರಕ್ಕೂ ಕಿಣ್ವ ಕಳಿಸುತ್ತದೆ. ನೀವು ಅಗಿಯದೆ ನುಂಗಿದ ಮುದ್ದೆಗೆ ಗತಿ ಕಾಣಿಸುವುದು ಇದೇ.

ಇಷ್ಟು ಒಡೆದ ಮೇಲೆ ಹೀರುವ ಕೆಲಸ. ಮನೆಯಲ್ಲಿ ಬೋಟಿ ತೊಳೆದವರು ಯಾರಿದ್ದೀರಿ? ಒಂದು ಭಾಗ ಟವಲಿನ ಹಾಗೆ ಇರುತ್ತದಲ್ಲ, ಸಣ್ಣ ಸಣ್ಣ ಎಳೆ ಎದ್ದುಕೊಂಡು. ಅದು ಮೇಕೆಯ ಮೊದಲನೇ ಹೊಟ್ಟೆ, ಮೆಲುಕು ಹಾಕುವ ಪ್ರಾಣಿಗೆ ನಾಲ್ಕು ಕೋಣೆ. ನಮ್ಮ ಸಣ್ಣಕರುಳಿನ ಒಳಗೂ ಅಂಥದ್ದೇ ಎಳೆಗಳಿವೆ, ಆದರೆ ಒಂದು ಮಿಲಿಮೀಟರಿನಷ್ಟೂ ಉದ್ದ ಇರುವುದು ಕಷ್ಟ. ಕೊಳವೆಯ ಗೋಡೆ ನುಣ್ಣಗಿದ್ದರೆ ಹೀರುವ ಜಾಗ ಕಡಿಮೆ. ಮಡಿಕೆ, ಮಡಿಕೆ ಮೇಲೆ ಎಳೆ, ಎಳೆ ಮೇಲೆ ಇನ್ನೂ ಸಣ್ಣ ಎಳೆ. ಹೀಗೆ ಸುಮಾರು 30 ಚದರ ಮೀಟರ್ ಜಾಗ ಆಗುತ್ತದೆ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಇಪ್ಪತ್ತಕ್ಕೆ ಮೂವತ್ತರ ಸೈಟಿನ ಅರ್ಧ ಹೊಟ್ಟೆಯೊಳಗೆ ಮಡಿಸಿ ಇಟ್ಟಿದೆ. ಈ ಗೋಡೆ ದಾಟಿದಾಗಲೇ ಮುದ್ದೆ ನಿಮ್ಮದಾಗುತ್ತದೆ.

ಇನ್ನು ನೀರಿನ ಲೆಕ್ಕ. ಕೋಲಾರದವರಿಗೆ ನೀರಿನ ಬೆಲೆ ನಾನೇನು ಹೇಳಲಿ. ದಿನಕ್ಕೆ ಕುಡಿದದ್ದು ಸುಮಾರು 2 ಲೀಟರ್. ಜೊಲ್ಲು, ಜಠರದ ರಸ, ಪಿತ್ತ, ಮಿಕ್ಕ ರಸಗಳು ಎಲ್ಲ ಸೇರಿ ಇನ್ನೊಂದು 7 ಲೀಟರ್. ಒಟ್ಟು 9 ಲೀಟರ್ ಈ ಕೊಳವೆಗೆ ಬೀಳುತ್ತದೆ. ಹೊರಗೆ ಹೋಗುವುದು ಒಂದು ಲೋಟದಷ್ಟು. ಬಹುಪಾಲನ್ನು ಸಣ್ಣಕರುಳೇ ವಾಪಸ್ ಪಡೆಯುತ್ತದೆ. ಉಳಿದದ್ದನ್ನು ದೊಡ್ಡಕರುಳು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗೆ ಬಿಟ್ಟರಲ್ಲ, 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅದರ ಬಗ್ಗೆ ನಿಮ್ಮ ನಿಮ್ಮ ಅಭಿಪ್ರಾಯ, ಜಗಳ ಏನೇ ಇರಲಿ, ದೊಡ್ಡಕರುಳು ಅದೇ ಕೆಲಸವನ್ನು ತಕರಾರಿಲ್ಲದೆ ಮಾಡುತ್ತಿದೆ.

ಭೇದಿ ಆದಾಗ ಈ ಲೆಕ್ಕ ತಪ್ಪುತ್ತದೆ. ಮಕ್ಕಳಿಗೆ ಬರೀ ನೀರು ಕುಡಿಸಿದರೆ ಸಾಲದು. ಉಪ್ಪಿನ ಜೊತೆ ಸಕ್ಕರೆ ಇದ್ದರೆ ಕರುಳಿನ ಗೋಡೆ ಎರಡನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ, ಹಿಂದೆಯೇ ನೀರು ಹೋಗುತ್ತದೆ. ಓಆರ್‌ಎಸ್ ಗುಟ್ಟು ಇಷ್ಟೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ, ಡಾಕ್ಟರ್ ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಇದನ್ನೇ ಕಲಸಿಟ್ಟು ಕುಡಿಸಿ ಎಷ್ಟೋ ಜೀವ ಉಳಿಸಿದರು. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು.

ದೊಡ್ಡಕರುಳು ಒಂದೂವರೆ ಮೀಟರ್ ಉದ್ದ. ಬಲಗಡೆ ಕೆಳಗೆ ಶುರುವಾಗಿ, ಮೇಲೆ ಹತ್ತಿ, ಅಡ್ಡ ದಾಟಿ, ಎಡಗಡೆ ಇಳಿಯುತ್ತದೆ. ಬಾಗಿಲ ಚೌಕಟ್ಟಿನ ಹಾಗೆ. ಶುರುವಿನ ಜಾಗದಲ್ಲಿ ಬೆರಳಿನಂತೆ ನೇತಾಡುವುದು ಅಪೆಂಡಿಕ್ಸ್. ಅದರ ನೋವು ಸಾಮಾನ್ಯವಾಗಿ ಮೊದಲು ಹೊಕ್ಕುಳ ಸುತ್ತ ಬಂದು, ಕೆಲವು ಗಂಟೆ ಆದ ಮೇಲೆ ಬಲಗಡೆ ಕೆಳಕ್ಕೆ ಸರಿಯುತ್ತದೆ. ನೋವು ಜಾಗ ಬದಲಿಸಿತು ಅನ್ನುವ ಒಂದು ಮಾತು ಡಾಕ್ಟರಿಗೆ ಎಷ್ಟು ಉಪಕಾರ ಗೊತ್ತಾ?

ಅವರೆ ತಿಂದವರು ಕಾಯುತ್ತಿರುವ ವಿಷಯಕ್ಕೆ ಬರುತ್ತೇನೆ. ಅವರೆಯಲ್ಲಿ ಕೆಲವು ಸಕ್ಕರೆಗಳಿವೆ, ಅವುಗಳನ್ನು ಒಡೆಯುವ ಕಿಣ್ವ ನಮ್ಮ ಹತ್ತಿರ ಇಲ್ಲ. ಅವು ಹಾಗೇ ದೊಡ್ಡಕರುಳಿಗೆ ಬರುತ್ತವೆ. ಅಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ಕಾದು ಕೂತಿವೆ. ಅವುಗಳಿಗೆ ಹಬ್ಬ. ಹಬ್ಬದ ಹೊಗೆಯೇ ನಿಮ್ಮ ಗ್ಯಾಸು. ಇದು ಜಠರದ್ದಲ್ಲ, ಹಾಗಾಗಿ ‘ಗ್ಯಾಸ್ಟ್ರಿಕ್’ ಅಲ್ಲ. ಕಾಯಿಲೆಯೂ ಅಲ್ಲ. ಕಾಳು ನೆನೆಸಿದ ನೀರು ಚೆಲ್ಲಿದರೆ ಸ್ವಲ್ಪ ಕಡಿಮೆ ಆಗುತ್ತದೆ. ಹಿತಕುವುದಕ್ಕೆ ನೆನೆಸುತ್ತೀರಲ್ಲ, ಅದರಲ್ಲೇ ಅಷ್ಟಿಷ್ಟು ಹೋಗಿರುತ್ತದೆ.

ಕೊನೆಯ ಬಾಗಿಲಿಗೆ ಎರಡು ಚಿಲಕ. ಒಳಗಿನದು ತಾನಾಗಿ ತೆಗೆಯುತ್ತದೆ, ಹೊರಗಿನದು ನಮ್ಮ ಮಾತು ಕೇಳುತ್ತದೆ. ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಓಡಬೇಕು ಅನಿಸುವುದು ಯಾಕೆಂದರೆ, ಜಠರಕ್ಕೆ ಏನಾದರೂ ಬಿದ್ದರೆ ದೊಡ್ಡಕರುಳಿಗೆ ಜಾಗ ಖಾಲಿ ಮಾಡು ಅಂತ ಸುದ್ದಿ ಹೋಗುತ್ತದೆ. ಮಧ್ಯಾಹ್ನದ ಮುದ್ದೆಯ ಉಳಿಕೆ ಆ ಬಾಗಿಲಿಗೆ ಬರುವುದು ನಾಳೆಯೋ ನಾಡಿದ್ದೋ.

ಈ ಹುಡುಗಿ ಆಗಿನಿಂದ ಕೈ ಎತ್ತಿದ್ದಾಳೆ. ಕೇಳಮ್ಮ. “ಸಾರ್, ಹಸಿವಾದಾಗ ಗುರ್ ಗುರ್ ಅನ್ನುವುದು ಯಾವುದು?” ಒಳ್ಳೆ ಪ್ರಶ್ನೆ, ಹೊಟ್ಟೆ ಅನ್ನದೆ ಯಾವುದು ಅಂತ ಕೇಳಿದಳು ನೋಡಿ. ಜಠರ ಮತ್ತು ಸಣ್ಣಕರುಳು ಎರಡೂ ಮಗಳೇ. ಖಾಲಿ ಇದ್ದಾಗ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಮೇಲಿನಿಂದ ಕೆಳಗೆ ಒಂದು ಅಲೆ ಹೊರಡುತ್ತದೆ. ಉಳಿದ ಚೂರುಪಾರನ್ನು ಗುಡಿಸಿಕೊಂಡು ಹೋಗುವ ಪೊರಕೆ ಅದು. ಒಳಗೆ ಗಾಳಿಯೂ ನೀರೂ ಇರುವುದರಿಂದ ಸದ್ದು. ಏನಾದರೂ ತಿಂದರೆ ಗುಡಿಸುವುದು ನಿಲ್ಲುತ್ತದೆ. ನಿನ್ನದು ಈಗ ಗುಡಿಸುತ್ತಿದೆ ಅಂತ ಕಾಣುತ್ತದೆ, ಹೊರಗೆ ಬಿಸಿ ಬೋಂಡಾ ಬಂದಿದೆಯಂತೆ. ನಡಿ, ನಾನೂ ಬರುತ್ತೇನೆ.